ಅಕ್ಷರ ಬರಲಿ ಎಂದು ಪುಸ್ತಕ ಮುಚ್ಚಿಡುವವರಿಗೆ

"ಇನ್ನೂ ಅಕ್ಷರಾನೇ ಬಂದಿಲ್ಲ, ಈಗ್ಲೇ ಪುಸ್ತಕ ಕೊಟ್ಟು ಏನ್ ಮಾಡೋದು? ಹರಿದು ಹಾಕ್ತಾನೆ ಅಷ್ಟೆ."

ಮೂರು ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ಈ ಮಾತು ಕೇಳದವರಿಲ್ಲ. ಅಂಗನವಾಡಿಯಲ್ಲಿ, ಕಾನ್ವೆಂಟಿನ ಎಲ್‌ಕೆಜಿಯಲ್ಲಿ, ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಧಾಟಿ ಬೇರೆಯಾದರೂ ನಂಬಿಕೆ ಒಂದೇ. ಮೊದಲು ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಅದು ದಾಟಿದರೆ ಪದ, ಪದ ದಾಟಿದರೆ ವಾಕ್ಯ. ಕತೆ ಪುಸ್ತಕದ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ಪುಸ್ತಕಗಳು ಬೀರುವಿನಲ್ಲಿ, ಬೀರುವಿನ ಕೀಲಿ ಹೆಡ್‌ಮಾಸ್ಟರರ ಮೇಜಿನಲ್ಲಿ. ದೊಡ್ಡವರೊಬ್ಬರು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳುವುದು ಹೊತ್ತು ಕಳೆಯುವ ಬಾಬತ್ತು, ಅದು ಪಾಠದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಎಲ್ಲರ ಎಣಿಕೆ.

ಈ ನಂಬಿಕೆ ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಲಕ್ಷಾಂತರ ಮಕ್ಕಳ ಎಳೆಯ ವರ್ಷಗಳು ಇದರಿಂದ ಹಾಳಾಗುತ್ತಿವೆ. ಮಗು ಓದು ಕಲಿಯಲು ತೊಡಗುವುದು ಸ್ಲೇಟು ಹಿಡಿದ ದಿನವಲ್ಲ. ಅದಕ್ಕೆ ವರ್ಷಗಟ್ಟಲೆ ಮುಂಚೆ, ಯಾರೋ ಒಬ್ಬರು ಪುಸ್ತಕ ಬಿಚ್ಚಿ ಅದರಲ್ಲಿರುವುದನ್ನು ಬಾಯಿಬಿಟ್ಟು ಓದಿದಾಗಲೇ ಆ ಕಲಿಕೆ ಶುರುವಾಗಿರುತ್ತದೆ. ಆ ವರ್ಷಗಳನ್ನು ಕಿತ್ತುಹಾಕಿ ನೇರ ಅಕ್ಷರದಿಂದ ಆರಂಭಿಸಿದರೆ ಏನಾಗುತ್ತದೆಂದು ನೋಡಬೇಕಾದರೆ ಯಾವುದೇ ಊರಿನ ಮೂರನೇ ತರಗತಿಗೆ ಹೋಗಬಹುದು.

ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆ 2005ರಿಂದ ನಡೆದು ಬಂದಿದೆ. ಪರೀಕ್ಷೆ ಸರಳ: ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಕೊನೆಗೆ ಎರಡನೇ ತರಗತಿ ಮಟ್ಟದ ಒಂದು ಚಿಕ್ಕ ಕತೆ. ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಆ ಕತೆಯನ್ನು ಓದಬಲ್ಲವರು 2018ರಲ್ಲಿ ಶೇ. 20.9, ಕೋವಿಡ್ ಕಳೆದ ಮೇಲೆ 2022ರಲ್ಲಿ ಶೇ. 16.3, 2024ರಲ್ಲಿ ಶೇ. 23.4. ಚೇತರಿಕೆಯಾಯಿತೆಂದು ಸಂತೋಷಪಟ್ಟರು. ನೂರಕ್ಕೆ ಎಪ್ಪತ್ತಾರು ಮಕ್ಕಳು ತಮಗಿಂತ ಒಂದು ತರಗತಿ ಕೆಳಗಿನ ಕತೆಯನ್ನು ಓದಲಾರದಿರುವುದು ಚೇತರಿಕೆ ಎನಿಸಿಕೊಳ್ಳುವ ದೇಶದಲ್ಲಿ ನಾವಿದ್ದೇವೆ. ಶಿಕ್ಷಕರ ಕೊರತೆ, ಬಡತನ, ಎರಡು ವರ್ಷ ಮುಚ್ಚಿದ ಶಾಲೆ, ಎಲ್ಲವೂ ಇದಕ್ಕೆ ಕಾರಣವೇ. ಆದರೆ ಇಂಥ ಅಂಕಿ ಹೊರಬಿದ್ದಾಗಲೆಲ್ಲ ನಮ್ಮವರು ಸೂಚಿಸುವ ಔಷಧ ಒಂದೇ: ಅಕ್ಷರವನ್ನು ಇನ್ನೂ ಬೇಗ ಶುರು ಮಾಡಿ, ಇನ್ನೂ ಹೆಚ್ಚು ತಿದ್ದಿಸಿ. ರೋಗಕ್ಕೆ ಕಾರಣವಾದದ್ದನ್ನೇ ಎರಡು ಪಟ್ಟು ಮಾಡಿ ಕುಡಿಸುತ್ತಿದ್ದೇವೆ.

ಕನ್ನಡದ ಮಗುವಿನ ಮುಂದಿರುವ ಕೆಲಸದ ಗಾತ್ರವನ್ನು ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ನಾನೂರಕ್ಕೂ ಮೀರಿದ ರೂಪಗಳು. ಅದರ ಮೇಲೆ ಒತ್ತಕ್ಷರ. ಕೆಲವು ಒತ್ತುಗಳಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇರುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಅಕ್ಷರಜ್ಞಾನ ಪೂರ್ತಿ ಕೈಗೆ ಹತ್ತಲು ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆಂದು ತೋರಿಸಿದರು. ಇಪ್ಪತ್ತಾರು ಅಕ್ಷರದ ಇಂಗ್ಲಿಷಿನ ಗಡುವನ್ನು ಕನ್ನಡಕ್ಕೆ ಹಾಕಲಾಗದು. ಇದು ಲಿಪಿಯ ದೋಷವೂ ಅಲ್ಲ, ಮಗುವಿನ ದಡ್ಡತನವೂ ಅಲ್ಲ. ಲಿಪಿಯ ಸ್ವಭಾವವೇ ಹಾಗೆ. ಹಾಗಿರುವಾಗ, ಅಕ್ಷರವೆಲ್ಲ ಬಂದ ಮೇಲೆ ಪುಸ್ತಕ ಎನ್ನುವವರು ಮಗುವನ್ನು ಒಂಬತ್ತು ಹತ್ತು ವರ್ಷದ ತನಕ ಪುಸ್ತಕದ ಹೊಸಿಲಾಚೆ ನಿಲ್ಲಿಸುತ್ತೇವೆ ಎಂದೇ ಹೇಳಿದಂತಾಯಿತು.

ಆ ನಡುವಿನ ವರ್ಷಗಳಲ್ಲಿ ಮಗು ಏನು ಓದುತ್ತದೆ? ನಮ್ಮ ಶಾಲೆಗಳಲ್ಲಿ ರ, ಗ, ಸ, ದ, ಅ ಮೊದಲು ಕಲಿಸುತ್ತಾರೆ. ಬರೆಯಲು ಸುಲಭವಾದ, ಪದ ಕಟ್ಟಲು ಒದಗುವ ಅಕ್ಷರಗಳೆಂದು ಯೋಚಿಸಿಯೇ ಮಾಡಿದ ಕ್ರಮ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಐದರಿಂದ ಹುಟ್ಟುವ ಓದು ಇಷ್ಟು: ಅರಸ, ಅಗಸ, ಸರ, ದರ, ಗರಗಸ. ಹಟ್ಟಿಯಿಂದ ಕರು ಹಗ್ಗ ಕಿತ್ತುಕೊಂಡು ಓಡಿದ್ದು, ಅಪ್ಪ ಬೆನ್ನಟ್ಟಿದ್ದು, ಅದು ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿದ್ದು, ಆಮೇಲೆ ನಡೆದ ಜಗಳ, ಇಷ್ಟನ್ನೂ ಒಂದೇ ಉಸಿರಿಗೆ ಹೇಳಬಲ್ಲ ಐದೂವರೆ ವರ್ಷದ ಹುಡುಗಿಯ ಕೈಗೆ ನಾವು ಕೊಡುವುದು ಗರಗಸ ಎಂಬ ಪದ. ಅವಳು ಅದನ್ನು ಹತ್ತು ಸಲ ಬರೆಯುತ್ತಾಳೆ. ನಾಳೆ ಅಗಸ ಹತ್ತು ಸಲ. ಓದುವುದೆಂದರೆ ಇದೇ ಎಂದು ಅವಳು ತೀರ್ಮಾನಿಸಿದರೆ ತಪ್ಪು ಅವಳದಲ್ಲ. ಅವಳ ತಲೆಯೊಳಗೆ ಓಡುವ ಕತೆಗೂ ಕರಿಹಲಗೆಯ ಮೇಲಿನ ಗುರುತುಗಳಿಗೂ ನಂಟಿದೆ ಎಂದು ಅವಳಿಗೆ ಯಾರೂ ತೋರಿಸಿಯೇ ಇಲ್ಲ.

2013ರಿಂದ ಮೂರು ವರ್ಷ ಯಾದಗಿರಿ ಜಿಲ್ಲೆಯ ಮತ್ತು ಮಹಾರಾಷ್ಟ್ರದ ಶಾಲೆಗಳಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ಮಕ್ಕಳ ಬೆನ್ನು ಹತ್ತಿ ನಡೆಸಿದ ಅಧ್ಯಯನವೂ ಇದನ್ನೇ ಕಂಡಿತು. ಯಾದಗಿರಿಯಲ್ಲಿದ್ದದ್ದು ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕಟ್ಟಿದ, ಮಕ್ಕಳ ಬೆನ್ನ ಮೇಲಿನ ಬೆತ್ತ ಇಳಿಸಿದ ಪದ್ಧತಿ ಅದು; ನನಗೆ ಅದರ ಬಗ್ಗೆ ಗೌರವವಿದೆ. ಆದರೂ ತರಗತಿಯ ಹೊತ್ತೆಲ್ಲ ಅಕ್ಷರ, ಪದಗಳ ಮೆಟ್ಟಿಲು ಹತ್ತಿಸುವುದಕ್ಕೇ ಸರಿಹೋಗುತ್ತಿತ್ತು. ಮಕ್ಕಳ ಪುಸ್ತಕಕ್ಕೆ, ಅರ್ಥದ ಮಾತುಕತೆಗೆ ಸಿಕ್ಕಿದ ಜಾಗ ಬಹಳ ಕಡಿಮೆ. ಎಷ್ಟೋ ಮಕ್ಕಳು ಮೊದಲ ಮೆಟ್ಟಿಲುಗಳಲ್ಲೇ ಉಳಿದುಬಿಟ್ಟರು.

ಇನ್ನು ಓದಿ ಹೇಳುವುದರಿಂದ ಮಗುವಿಗೆ ಸಿಗುವುದೇನು ಎಂಬ ಪ್ರಶ್ನೆ. ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಪುಸ್ತಕಪ್ರೀತಿ, ಕಲ್ಪನಾಶಕ್ತಿ, ತಾಯಿ ಮಗುವಿನ ಒಡನಾಟ ಎಂಬುದು. ಎಲ್ಲ ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಓದಿ ಹೇಳುವುದು ಉಳ್ಳವರ ಮನೆಯ ಚೆಂದದ ಅಭ್ಯಾಸವಾಗಿ ಉಳಿಯುತ್ತದೆ. ಸಿಗುವುದು ಅದಕ್ಕಿಂತ ಗಟ್ಟಿಯಾದದ್ದು: ಬರಹದ ಭಾಷೆ.

ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕಲಬುರಗಿಯ ಮಗು ಮನೆಯಲ್ಲಿ ಕೇಳುವುದು "ಅಂವ ಊರಿಗಿ ಹೋಗ್ಯಾನ", ಮಂಡ್ಯದ ಮಗು ಕೇಳುವುದು "ಅವ್ನು ಊರ್ಗೋಗವ್ನೆ". ಪುಸ್ತಕದಲ್ಲಿರುವುದು ಎರಡೂ ಅಲ್ಲ. ಉಡುಪಿಯಲ್ಲಿ ಮನೆಯ ಮಾತು ತುಳು, ತಾಂಡಾದಲ್ಲಿ ಲಂಬಾಣಿ, ಎಷ್ಟೋ ಪೇಟೆಗಳಲ್ಲಿ ಉರ್ದು. ಈ ಮಕ್ಕಳೆಲ್ಲರಿಗೂ ಒಂದನೇ ತರಗತಿಯಲ್ಲಿ ಎದುರಾಗುವುದು ಹೊಸ ಲಿಪಿಯಷ್ಟೇ ಅಲ್ಲ, ಹೊಸ ಕನ್ನಡ. ಇಂಥ ಒಂದು ವಾಕ್ಯ ತೆಗೆದುಕೊಳ್ಳಿ: "ಮಳೆ ನಿಂತ ಮೇಲೆ ಹೊರಗೆ ಬಂದ ಇಲಿಯು ತನ್ನ ಬಿಲಕ್ಕೆ ಅಡ್ಡವಾಗಿ ಬಿದ್ದಿದ್ದ ಕೊಂಬೆಯನ್ನು ಕಂಡು ದಿಗಿಲುಗೊಂಡಿತು." ಕಷ್ಟದ ವಾಕ್ಯವೇನಲ್ಲ, ಮಕ್ಕಳ ಪುಸ್ತಕಗಳ ತುಂಬ ಇಂಥವೇ ಇರುತ್ತವೆ. ಆದರೆ ಬಾಯಿಮಾತಿನಲ್ಲಿ ಯಾರೂ ಹೀಗೆ ಹೇಳುವುದಿಲ್ಲ. "ಮಳೆ ನಿಂತ್ಕಂತು, ಇಲಿ ಹೊರಗ್ ಬಂತು, ನೋಡುತ್ತೆ, ಬಿಲದ ಮುಂದೆ ಕೊಂಬೆ ಬಿದ್ದೈತೆ, ಹೆದರ್ಕಂತು" ಎನ್ನುತ್ತೇವೆ. ಒಂದೊಂದಾಗಿ ಬಿಡಿಬಿಡಿಯಾಗಿ ಬರುವ ಸಂಗತಿಗಳನ್ನು ಬರಹ ಒಂದೇ ವಾಕ್ಯದೊಳಗೆ ಮಡಚಿ ಇಡುತ್ತದೆ. "ಹೊರಗೆ ಬಂದ" ಎಂಬುದು ಇಲಿಗೆ ಸೇರಿದ್ದು, "ಬಿದ್ದಿದ್ದ" ಕೊಂಬೆಗೆ ಸೇರಿದ್ದು, "ಕಂಡು" ಮತ್ತೆ ಇಲಿಗೆ, ಮುಖ್ಯ ಕ್ರಿಯಾಪದ ಕಟ್ಟಕಡೆಗೆ. ಅಲ್ಲಿಯವರೆಗೆ ಮಗು ಎಲ್ಲವನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರಬೇಕು.

ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುವ ಎಂಟು ವರ್ಷದ ಮಗು "ಕೊಂ... ಬೆ... ಯ... ನ್ನು" ಮುಗಿಸುವಷ್ಟರಲ್ಲಿ ಇಲಿಯನ್ನು ಮರೆತಿರುತ್ತದೆ. "ದಿಗಿಲುಗೊಂಡಿತು" ಎಂಬಲ್ಲಿಗೆ ಬಂದಾಗ ಆ ಶಬ್ದವನ್ನು ಹುಟ್ಟಿದಂದಿನಿಂದ ಕೇಳಿಯೇ ಇರದಿದ್ದರೆ, ಅಕ್ಷರ ಸರಿಯಾಗಿ ಕೂಡಿಸಿದರೂ ಸಿಕ್ಕಿದ್ದು ಏನೆಂದು ಅದಕ್ಕೆ ತಿಳಿಯದು. ಇದೇ ವಾಕ್ಯದಂಥ ನೂರು ವಾಕ್ಯಗಳನ್ನು ಮೂರನೇ ವರ್ಷದಿಂದ ಕಿವಿಯಿಂದ ಕೇಳಿಕೊಂಡು ಬಂದ ಮಗುವಿನ ಕತೆ ಬೇರೆ. "ದಿಗಿ" ಎನ್ನುವಷ್ಟರಲ್ಲಿ ಅದಕ್ಕೆ ಉಳಿದದ್ದು ಹೊಳೆಯುತ್ತದೆ. ವಾಕ್ಯ ಎಲ್ಲಿಗೆ ತಿರುಗುತ್ತದೆ, ಎಲ್ಲಿ ಉಸಿರು ಬಿಡಬೇಕು ಎಂಬುದು ಕಿವಿಗೆ ಮೊದಲೇ ಗೊತ್ತಿರುತ್ತದೆ. ಕಣ್ಣಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಈ ಇಬ್ಬರು ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ, ಇಬ್ಬರಿಗೂ ಬರುವ ಅಕ್ಷರಗಳು ಅಷ್ಟೇ ಇರುತ್ತವೆ. ಒಬ್ಬಳನ್ನು ಜಾಣೆ ಎನ್ನುತ್ತೇವೆ, ಇನ್ನೊಬ್ಬಳನ್ನು ಹಿಂದುಳಿದ ಮಗು ಎಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತೇವೆ.

ಶಬ್ದಸಂಪತ್ತಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಹೇಯ್ಸ್ ಮತ್ತು ಆರೆನ್ಸ್ ಎಂಬ ಸಂಶೋಧಕರು 1988ರಲ್ಲಿ ಇಂಗ್ಲಿಷಿನ ಅಪರೂಪದ ಪದಗಳನ್ನು ಎಣಿಸಿದರು. ಪದವಿ ಓದಿದ ದೊಡ್ಡವರು ತಮ್ಮ ಆಪ್ತರೊಂದಿಗೆ ಆಡುವ ಮಾತಿನಲ್ಲಿ ಸಾವಿರಕ್ಕೆ ಸುಮಾರು 17 ಅಪರೂಪದ ಪದಗಳಿದ್ದರೆ, ಮಕ್ಕಳ ಪುಸ್ತಕಗಳಲ್ಲಿ ಸುಮಾರು 31. ಎಷ್ಟೇ ಓದಿಕೊಂಡ ತಾಯ್ತಂದೆಯರಾದರೂ ದಿನಬಳಕೆಯ ಮಾತಿನಲ್ಲಿ ಮಗುವಿಗೆ ಕೊಡಲಾಗದ್ದನ್ನು ಹದಿನಾರು ಪುಟದ ಚಿತ್ರಪುಸ್ತಕ ಕೊಡುತ್ತದೆ. ಆಡುಮಾತಿಗೂ ಬರಹಕ್ಕೂ ಅಂತರ ಇಷ್ಟಿರುವ ಕನ್ನಡದಲ್ಲಿ ಆ ಪುಸ್ತಕದ ಬೆಲೆ ಇನ್ನೂ ಹೆಚ್ಚೆಂದೇ ನನ್ನ ನಂಬಿಕೆ.

ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದಿಸಿಕೊಂಡ ನಾಲ್ಕು ವರ್ಷದ ಮಗುವಿನ ಮುಂದೆ ಒಂದು ಸಾಲು ಹಾರಿಸಿ ನೋಡಿ. ತಕ್ಷಣ ಕೈ ಪುಟದ ಮೇಲೆ ಬೀಳುತ್ತದೆ. "ಅಲ್ಲಾ, ದಿಗಿಲುಗೊಂಡಿತು ಅಂತ ಓದ್ಬೇಕು!" ಅಕ್ಷರ ಒಂದೂ ಬಾರದ ಮಗು ಅದು. ಆದರೆ ಓದಿನ ಬಗ್ಗೆ ತಿಳಿಯಬೇಕಾದ ದೊಡ್ಡ ಸಂಗತಿ ಅದಕ್ಕೆ ತಿಳಿದಿದೆ. ಅಮ್ಮ ಓದಿದರೂ ಅಷ್ಟೇ, ಮಾವ ಓದಿದರೂ ಅಷ್ಟೇ, ಪುಟದ ಮೇಲಿರುವ ಮಾತು ಬದಲಾಗುವುದಿಲ್ಲ. ಚಿತ್ರದ ಕೆಳಗಿನ ಆ ಕಪ್ಪು ಸಾಲುಗಳಲ್ಲಿ ಮಾತು ಕಟ್ಟಿಟ್ಟಿದೆ. ಇದು ತಿಳಿದ ಮಗುವಿಗೆ ಅಕ್ಷರ ಕಲಿಯಲು ಕಾರಣವಿದೆ. ಇದು ತಿಳಿಯದ ಮಗು ಮಿಸ್ಸು ಹೇಳಿದರೆಂದು ತಿದ್ದುತ್ತದೆ. ಮತ್ತೆ ಮತ್ತೆ ಅದನ್ನೇ ಓದು ಎಂದು ಪೀಡಿಸುವುದನ್ನು ದೊಡ್ಡವರು ಹಟ ಎಂದುಕೊಳ್ಳುತ್ತಾರೆ. 2011ರಲ್ಲಿ ಬ್ರಿಟನ್ನಿನ ಜೆಸಿಕಾ ಹಾರ್ಸ್ಟ್ ಮತ್ತು ಸಹೋದ್ಯೋಗಿಗಳು ಮೂರು ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಬೇರೆ ಬೇರೆ ಕತೆ ಕೇಳಿದವರಿಗಿಂತ ಅದೇ ಕತೆಯನ್ನು ಪದೇ ಪದೇ ಕೇಳಿದವರೇ ಹೊಸ ಪದಗಳನ್ನು ಚೆನ್ನಾಗಿ ಕಲಿತರು. ತನಗೇನು ಬೇಕೆಂದು ಮಗುವಿಗೆ ಗೊತ್ತಿದೆ, ನಾವು ಕೊಡಬೇಕಷ್ಟೆ.

ಈಗ ಎದುರಾಳಿಗಳ ಗಟ್ಟಿಯಾದ ವಾದಕ್ಕೆ ಬರೋಣ. "ಕೇಳುವುದು ಓದುವುದಲ್ಲ. ನೀವು ಸಾವಿರ ಪುಸ್ತಕ ಓದಿ ಹೇಳಿದರೂ ಮಗುವಿಗೆ ಅ, ಆ ಬರುವುದಿಲ್ಲ." ಈ ಮಾತು ಸತ್ಯ, ಅದನ್ನು ಅಲ್ಲಗಳೆಯುವವನಲ್ಲ ನಾನು. ಕೆನಡಾದ ಇವಾನ್ಸ್ ಮತ್ತು ಸೇಂಟ್-ಓಬಿನ್ 2005ರಲ್ಲಿ ಮಕ್ಕಳ ಕಣ್ಣಿನ ಚಲನೆಯನ್ನೇ ಅಳೆದು ನೋಡಿದರು. ದೊಡ್ಡವರು ಓದುತ್ತಿದ್ದಾಗ ಮಕ್ಕಳ ಕಣ್ಣು ಚಿತ್ರದ ಮೇಲೆಯೇ ಇತ್ತು, ಅಕ್ಷರದ ಕಡೆ ಹಾಯ್ದದ್ದು ಬಹಳ ಕಡಿಮೆ. ಅಕ್ಷರವನ್ನು ಕಲಿಸಲೇಬೇಕು, ಕ್ರಮವಾಗಿ ಕಲಿಸಬೇಕು. ಪುಸ್ತಕದ ಗಾಳಿ ಬೀಸಿದರೆ ಸಾಕು, ಮಗು ತಾನಾಗಿ ಓದುತ್ತದೆ ಎನ್ನುವವರ ಪಕ್ಷ ನನ್ನದಲ್ಲ. ಆದರೆ ಅಕ್ಷರ ಬಂದ ಮಾತ್ರಕ್ಕೆ ಓದು ಬರುತ್ತದೆಂಬುದೂ ಅಷ್ಟೇ ಪೊಳ್ಳು. ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಒಂದು ಗುಣಾಕಾರವಾಗಿ ಬರೆದರು: ಅಕ್ಷರ ಬಿಡಿಸುವ ಶಕ್ತಿ ಒಂದು ಕಡೆ, ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು ಕಡೆ, ಎರಡನ್ನೂ ಗುಣಿಸಿದರೆ ಓದು. ಕೂಡುವ ಲೆಕ್ಕವಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಸುತ್ತಿತ್ತು. ಗುಣಿಸುವಾಗ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ.

ಇನ್ನೊಂದು ಅಧ್ಯಯನ ಈ ಜಗಳವನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಸೆನೆಷಾಲ್ ಮತ್ತು ಲೆಫೆವ್ರ್ 2002ರಲ್ಲಿ ಪ್ರಕಟಿಸಿದ ಐದು ವರ್ಷಗಳ ಅಧ್ಯಯನದಲ್ಲಿ, ತಾಯ್ತಂದೆಯರು ಮನೆಯಲ್ಲಿ ಅಕ್ಷರ ಕಲಿಸಿದ್ದರ ಫಲ ಒಂದನೇ ತರಗತಿಯ ಹೊತ್ತಿಗೆ ಅಕ್ಷರಜ್ಞಾನದಲ್ಲಿ ಕಂಡಿತು. ಕತೆ ಪುಸ್ತಕ ಓದಿ ಹೇಳಿದ್ದರ ಫಲ ಮಗುವಿನ ಶಬ್ದಸಂಪತ್ತಿಗೆ ಸೇರಿ, ಅಲ್ಲಿಂದ ಮೂರನೇ ತರಗತಿಯ ಓದಿನಲ್ಲಿ ಕಾಣಿಸಿಕೊಂಡಿತು. ನಮ್ಮ ತಪ್ಪು ಎಲ್ಲಿದೆಯೆಂದು ಇದರಿಂದ ತಿಳಿಯುತ್ತದೆ. ಅಕ್ಷರದ ಫಲ ಬೇಗ ಕಣ್ಣಿಗೆ ಬೀಳುತ್ತದೆ. ಎಲ್‌ಕೆಜಿ ಮಗು ಕಾಪಿ ಪುಸ್ತಕ ತುಂಬಿಸಿದ್ದನ್ನು ಅಪ್ಪ ನೋಡಬಹುದು, ನೆಂಟರಿಗೆ ತೋರಿಸಬಹುದು, ಫೀಸು ವಸೂಲಾಯಿತೆಂದು ಸಮಾಧಾನಪಡಬಹುದು. ಓದಿ ಹೇಳಿದ್ದರ ಫಲ ಮಗುವಿನೊಳಗೆ ಇಳಿದು ಮೂರು ನಾಲ್ಕು ವರ್ಷ ಕಾಣದೆ ಇರುತ್ತದೆ. ತೋರಿಸಲು ಬಾರದ್ದನ್ನು ನಾವು ಕಲಿಕೆ ಎಂದು ಒಪ್ಪುವುದನ್ನೇ ಬಿಟ್ಟಿದ್ದೇವೆ.

ಇನ್ನು ಕೆಲವರು ಅಂಕಿ ಹಿಡಿದು ಬರುತ್ತಾರೆ. 1995ರಲ್ಲಿ ಬುಸ್ ಮತ್ತು ಸಹೋದ್ಯೋಗಿಗಳು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮಕ್ಕಳ ಭಾಷೆ ಮತ್ತು ಓದಿನ ವ್ಯತ್ಯಾಸದಲ್ಲಿ ಓದಿ ಹೇಳುವುದರ ಪಾಲು ಸುಮಾರು ಶೇ. 8 ಮಾತ್ರ ಎಂದು ಬಂತು. ಇಷ್ಟೇನಾ ಎನ್ನುತ್ತಾರೆ. ಮಗುವಿನ ಓದನ್ನು ನಿರ್ಧರಿಸುವುದರಲ್ಲಿ ಮನೆಯ ಆದಾಯ, ತಾಯಿಯ ಶಿಕ್ಷಣ, ಪೌಷ್ಟಿಕತೆ, ಶಾಲೆ, ಹುಟ್ಟುಗುಣ ಎಲ್ಲ ಸೇರಿವೆ. ಅವುಗಳಲ್ಲಿ ಬಹುಪಾಲು ನಮ್ಮ ಕೈಯಲ್ಲಿಲ್ಲ. ದಿನಕ್ಕೆ ಹದಿನೈದಿಪ್ಪತ್ತು ನಿಮಿಷದ, ಖರ್ಚಿಲ್ಲದ ಒಂದೇ ಒಂದು ಅಭ್ಯಾಸಕ್ಕೆ ಎಂಟು ಪಾಲು ಸಿಗುವುದಾದರೆ ಅದನ್ನು ಬಿಟ್ಟುಕೊಡುವುದು ಯಾವ ಲೆಕ್ಕ? ಅದೇ ಅಧ್ಯಯನ ಕಂಡ ಇನ್ನೊಂದು ಸಂಗತಿಯನ್ನು ಇವರು ಹೇಳುವುದಿಲ್ಲ: ಆ ಪರಿಣಾಮ ಕುಟುಂಬದ ಅಂತಸ್ತನ್ನು ಅವಲಂಬಿಸಿರಲಿಲ್ಲ. ಬಡವರ ಮನೆಯ ಮಗುವಿಗೂ ಅದು ಅಷ್ಟೇ ದಕ್ಕುತ್ತದೆ.

"ಓದಿ ಹೇಳಿದರೆ ಮಗು ಸೋಮಾರಿಯಾಗುತ್ತೆ, ತಾನಾಗಿ ಓದಲ್ಲ" ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಶಾಲೆಗೆ ಸೇರುವ ಮುಂಚೆಯೇ ಓದಲು ಕಲಿತ ಮಕ್ಕಳನ್ನು ಹುಡುಕಿ ಅಮೆರಿಕದ ಡೊಲೊರೆಸ್ ಡರ್ಕಿನ್ 1966ರಲ್ಲಿ ಪುಸ್ತಕ ಬರೆದರು. ಆ ಮಕ್ಕಳ ಮನೆಗಳಲ್ಲಿ ಅವರಿಗೆ ಓದಿ ಹೇಳುವವರಿದ್ದರು. ಮಾತಾಡಿಸಿದರೆ ಮಗು ಮಾತು ಕಲಿಯುವುದಿಲ್ಲ ಎಂದು ಯಾವ ತಾಯಿಯೂ ಹೆದರುವುದಿಲ್ಲವಲ್ಲ.

ಬೇಗ ಶುರು ಮಾಡಿದಷ್ಟು ಒಳ್ಳೆಯದು ಎಂಬ ಆತುರ ಮಾತ್ರ ಇಷ್ಟಕ್ಕೆ ತೀರುವಂಥದ್ದಲ್ಲ, ಏಕೆಂದರೆ ಅದರ ಹಿಂದೆ ಪ್ರೀತಿಯಿದೆ, ಭಯವಿದೆ, ಸಾಲ ಮಾಡಿ ಕಟ್ಟಿದ ಫೀಸಿದೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ 2025-26ರಿಂದ ಜಾರಿಯಾಗಬೇಕಿತ್ತು. ಪೋಷಕರ ಒತ್ತಾಯಕ್ಕೆ ಮಣಿದು ಸರ್ಕಾರ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಏಳು ತಿಂಗಳಿಗಾಗಿ ಅಷ್ಟು ಹೋರಾಟ ನಡೆಯಿತು. ಆ ತಿಂಗಳುಗಳಲ್ಲಿ ಮಗು ಏನು ಮಾಡುತ್ತಿರುತ್ತದೆ ಎಂದು ಕೇಳಿದವರು ಕಾಣಲಿಲ್ಲ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸುಗ್ಗೇಟ್ ಮತ್ತು ಸಂಗಡಿಗರು ಐದನೇ ವಯಸ್ಸಿಗೆ ಓದಿನ ಪಾಠ ಶುರುವಾದ ಮಕ್ಕಳನ್ನೂ ಏಳಕ್ಕೆ ಶುರುವಾದ ಮಕ್ಕಳನ್ನೂ ಹೋಲಿಸಿದರು. ಹನ್ನೊಂದು ವರ್ಷದ ಹೊತ್ತಿಗೆ ಓದಿನ ವೇಗದಲ್ಲಿ ವ್ಯತ್ಯಾಸವೇ ಉಳಿದಿರಲಿಲ್ಲ. ಅರ್ಥ ಮಾಡಿಕೊಳ್ಳುವುದರಲ್ಲಿ ತಡವಾಗಿ ಶುರು ಮಾಡಿದವರೇ ತುಸು ಮುಂದಿದ್ದರು. ಮೂರು ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲವೇ ಬಂದಿರುವುದಿಲ್ಲ. ಅಮ್ಮ ಅದರ ಪುಟ್ಟ ಮುಷ್ಟಿಯನ್ನು ತನ್ನ ಕೈಯೊಳಗೆ ಹಿಡಿದು ಸಾಲುಸಾಲಾಗಿ ಎಳೆಯುತ್ತಾಳೆ, ಮಗು ಕಿಟಕಿಯ ಕಡೆ ನೋಡುತ್ತಿರುತ್ತದೆ, ನಾಳೆ ಹೋಂವರ್ಕ್ ತೋರಿಸದಿದ್ದರೆ ಮಿಸ್ಸು ಬಯ್ಯುತ್ತಾರೆಂದು ಇಬ್ಬರಿಗೂ ಅಳು. ಆ ಅರ್ಧ ಗಂಟೆ ಅವರಿಬ್ಬರಿಗೆ ಒಂದು ಪುಸ್ತಕಕ್ಕೆ ಸಿಕ್ಕಬೇಕಿತ್ತು.

ಮೊಬೈಲಿನಲ್ಲೂ ಕತೆ ಬರುತ್ತದಲ್ಲ ಎನ್ನುವವರಿಗೆ: ಪೆಟ್ರೀಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆಯವರು ಎದುರು ಕೂತು ಪುಸ್ತಕ ಓದಿ ಆಟವಾಡಿಸಿದಾಗ ಆ ಭಾಷೆಯ ಧ್ವನಿಗಳನ್ನು ಅವು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ವಿಡಿಯೊದಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಕೂಸಿನ ಕಣ್ಣು ಎತ್ತ ಹೋಯಿತೆಂದು ನೋಡಿ ಅಲ್ಲೇ ನಿಲ್ಲುವ, "ಇದ್ಯಾಕೆ ಹಿಂಗೆ?" ಎಂದಾಗ ಪುಟ ಮಗುಚದೆ ಉತ್ತರಿಸುವ ಮನುಷ್ಯ ಬೇಕು. 1988ರಲ್ಲಿ ವೈಟ್‌ಹರ್ಸ್ಟ್ ಎಂಬವರು ತಾಯ್ತಂದೆಯರಿಗೆ ಕಲಿಸಿದ್ದೂ ಇಷ್ಟೇ: ಸುಮ್ಮನೆ ಓದಿಕೊಂಡು ಹೋಗಬೇಡಿ, ನಡುವೆ ಕೇಳಿ, ಮಗು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ತಿಂಗಳುಗಟ್ಟಲೆ ಮುಂದೆ ಹೋಯಿತು.

ಇನ್ನೊಂದು ಪಕ್ಷ ನಮ್ಮ ನಡುವೆ ಇದೆ. ಅವರನ್ನು ವಿರೋಧಿಸಲು ನನಗೆ ಮನಸ್ಸಿಲ್ಲದಿದ್ದರೂ ವಿರೋಧಿಸಬೇಕಾಗಿದೆ. ಅಜ್ಜಿಕತೆ ಇದ್ದ ನಾಡಿಗೆ ಪುಸ್ತಕ ಓದಿ ಹೇಳುವ ಈ ಪಾಶ್ಚಾತ್ಯ ಪದ್ಧತಿ ಯಾಕೆ ಎನ್ನುವವರು ಅವರು. ಅಜ್ಜಿಯ ಕತೆ ಮಗುವಿಗೆ ಕೊಡುವುದು ಅಪಾರ: ಘಟನೆಗಳ ಜೋಡಣೆ, ಕಾಯುವ ಕುತೂಹಲ, ಮನೆಮಾತಿನ ಸೊಗಸು. ಆದರೆ ಅಜ್ಜಿ ಹೇಳುವುದು ಆಡುಮಾತಿನಲ್ಲಿ, ಪ್ರತಿ ಸಲವೂ ಬೇರೆಯಾಗಿ. ಬರಹದ ವಾಕ್ಯ ಅಲ್ಲಿ ಸಿಗುವುದಿಲ್ಲ. ಎರಡೂ ಬೇಕು. ಓದಿ ಹೇಳುವುದು ಹೊರಗಿನಿಂದ ಬಂದದ್ದೆಂಬುದಂತೂ ಒಪ್ಪುವ ಮಾತಲ್ಲ. ಗಮಕ ಇನ್ನೇನು? ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ವಾಚನ ಮಾಡುವುದು, ಇನ್ನೊಬ್ಬರು ವ್ಯಾಖ್ಯಾನ ಮಾಡುವುದು, ಒಂದಕ್ಷರ ಬಾರದ ಊರಿನವರು ಕೂತು ಕೇಳುವುದು. ಅಕ್ಷರ ಕಲಿತು ಬನ್ನಿ, ಆಮೇಲೆ ಕಾವ್ಯ ಎಂದು ಅವರನ್ನು ಯಾರೂ ಜಗಲಿಯಿಂದ ಎಬ್ಬಿಸಲಿಲ್ಲ. ಬರಹದ ಭಾಷೆ ಕಿವಿಯಿಂದಲೇ ಅವರ ಮನಸ್ಸಿಗೆ ಇಳಿಯಿತು. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ವರ್ಷವಿಡೀ ದಿನಕ್ಕೊಂದರಂತೆ ಹನ್ನೆರಡು ಸಂಪುಟಗಳಲ್ಲಿ 'ದಿನಕ್ಕೊಂದು ಕಥೆ' ಬರೆದರು. ಎಷ್ಟೋ ಮನೆಗಳಲ್ಲಿ ಆ ಪುಸ್ತಕ ರಾತ್ರಿಯೂಟವಾದ ಮೇಲೆ ತೆರೆದುಕೊಳ್ಳುತ್ತಿತ್ತು. ದೊಡ್ಡವರಿಗೆ ಸಲ್ಲುತ್ತಿದ್ದ ಮರ್ಯಾದೆಯನ್ನು ಮಕ್ಕಳಿಗೂ ಕೊಡಿ ಎಂದು ಕೇಳುವುದರಲ್ಲಿ ಹೊಸದೇನಿದೆ?

ಕೊನೆಯ ಆಕ್ಷೇಪ ನ್ಯಾಯವಾದದ್ದು. ಅಪ್ಪ ಅಮ್ಮನಿಗೇ ಓದು ಬಾರದ, ಸಂಜೆ ಕೂಲಿಯಿಂದ ಬಂದು ಒಲೆ ಹಚ್ಚಬೇಕಾದ ಮನೆಗೆ ಈ ಉಪದೇಶ ಯಾಕೆ? ಅದಕ್ಕಾಗಿಯೇ ಈ ಕೆಲಸ ಮನೆಯ ಮೇಲೆ ಮಾತ್ರ ಬೀಳಬಾರದು. ಅನುಕೂಲವಿದ್ದ ಮಗುವಿಗೆ ಮನೆಯಲ್ಲಿ ಪುಸ್ತಕ ಕಿವಿಗೆ ಬಿದ್ದಿರುತ್ತದೆ. ಇಲ್ಲದ ಮಗುವಿಗೆ ಅಂಗನವಾಡಿಯೊಂದೇ ದಾರಿ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ದೇಶದ ಮೊದಲ 33 ಬ್ಲಾಕುಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಷ್ಟು ಕಡೆ ಮೂರರಿಂದ ಆರು ವರ್ಷದ ಮಕ್ಕಳು ದಿನಾ ಬೆಳಿಗ್ಗೆ ಬಂದು ಚಾಪೆಯ ಮೇಲೆ ಕೂರುತ್ತಾರೆ, ಓದು ಬಲ್ಲ ಒಬ್ಬ ಹೆಂಗಸು ಅವರ ಎದುರಿಗಿರುತ್ತಾಳೆ. ಇಷ್ಟು ದೊಡ್ಡ ವ್ಯವಸ್ಥೆ ಕೈಯಲ್ಲಿದ್ದೂ ಅವಳ ಕೈಗೆ ಕೊಟ್ಟಿರುವುದು ರಿಜಿಸ್ಟರು, ಪೋಷಣ್ ಟ್ರ್ಯಾಕರ್ ಆ್ಯಪು, ತೂಕದ ಯಂತ್ರ, ಸಾಲದ್ದಕ್ಕೆ ಸರ್ವೆ ಮತ್ತು ಚುನಾವಣೆ ಕೆಲಸ. ಈಚೆಗೆ ಅಲ್ಲಿಗೂ ಎಲ್‌ಕೆಜಿ, ಯುಕೆಜಿ ತರುವ ಮಾತು. ಪಕ್ಕದ ಕಾನ್ವೆಂಟಿನ ಜೊತೆ ಪೈಪೋಟಿಗೆ ಅಂಗನವಾಡಿಯೂ ಎಬಿಸಿಡಿ ಬರೆಸಲು ಕೂತರೆ, ಬಡ ಮಗುವಿಗೆ ಇದ್ದ ಒಂದು ಅವಕಾಶವೂ ಹೋಯಿತು.

ಪುಸ್ತಕ ಇಲ್ಲ ಎಂಬ ನೆಪವೂ ಈಗ ನಿಲ್ಲುವುದಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್ ದಶಕಗಳಿಂದ ಕಡಿಮೆ ಬೆಲೆಗೆ ಕನ್ನಡದಲ್ಲಿ ಮಕ್ಕಳ ಪುಸ್ತಕ ಕೊಡುತ್ತಿದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಗ್ರಾಮ ಪಂಚಾಯಿತಿಗಳ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ 'ಓದುವ ಬೆಳಕು' ಲಕ್ಷಾಂತರ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಒಳ್ಳೆಯ ಕೆಲಸ. ಆದರೆ ಅದು ಕಣ್ಣಿಟ್ಟದ್ದು ಶಾಲೆಗೆ ಹೋಗುವ ಮಕ್ಕಳ ಮೇಲೆ. ಅಕ್ಷರ ಬಾರದ ಮೂರು ವರ್ಷದವಳನ್ನು ಅಕ್ಕ ಸೊಂಟದ ಮೇಲೆ ಕೂರಿಸಿಕೊಂಡು ಬಂದರೆ ಅವಳಿಗೂ ಕಾರ್ಡು ಕೊಡಬೇಕು, ವಾರಕ್ಕೆರಡು ದಿನವಾದರೂ ಅಲ್ಲಿ ಯಾರಾದರೂ ಓದಿ ಹೇಳಬೇಕು. ಅಮ್ಮನಿಗೆ ಓದು ಬಾರದಿದ್ದರೆ ಐದನೇ ತರಗತಿಯ ಅಕ್ಕ ಓದಲಿ. ಇಬ್ಬರ ಓದೂ ಒಟ್ಟಿಗೆ ಬೆಳೆಯುತ್ತದೆ. ಇಂಗ್ಲಿಷಿನಲ್ಲೇ ಓದಬೇಕೆಂದು ತಡವರಿಸುವ ತಾಯ್ತಂದೆಯರು ತಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಓದಲಿ. ಕತೆ ಕೇಳಿ ಬೆಳೆದ ಕಿವಿ ಮುಂದೆ ಯಾವ ಭಾಷೆಯ ಪುಸ್ತಕ ಹಿಡಿದರೂ ಒದಗುತ್ತದೆ.

ಕಾಗದದ ಮೇಲೆ ಸರ್ಕಾರಗಳು ಇದನ್ನೆಲ್ಲ ಒಪ್ಪಿವೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಓದಿ ಹೇಳುವುದಕ್ಕೆ ಜಾಗವಿದೆ. ವೇಳಾಪಟ್ಟಿಯಲ್ಲಿ ಇಲ್ಲ. ನಾನು ಕೇಳುವುದು ವೇಳಾಪಟ್ಟಿಯ ಆ ಸಾಲನ್ನು: ಅಂಗನವಾಡಿಯಲ್ಲಿ, ಒಂದರಿಂದ ಮೂರನೇ ತರಗತಿವರೆಗೆ, ಪ್ರತಿದಿನ ಇಪ್ಪತ್ತು ನಿಮಿಷ ಶಿಕ್ಷಕಿ ಪುಸ್ತಕ ಹಿಡಿದು ಮಕ್ಕಳಿಗೆ ಓದಬೇಕು. ಆ ಹೊತ್ತಿನಲ್ಲಿ ಅವಳ ಫೋನಿಗೆ ಯಾವ ಮಾಹಿತಿಯ ಬೇಡಿಕೆಯೂ ಬರಬಾರದು. ಐದು ವರ್ಷದ ಕೆಳಗಿನ ಮಕ್ಕಳಿಗೆ ಬರವಣಿಗೆಯ ಹೋಂವರ್ಕ್ ನಿಲ್ಲಬೇಕು. ಖಾಸಗಿ ಶಾಲೆಗಳಲ್ಲಿ ಅದನ್ನು ನಿಲ್ಲಿಸುವ ಶಕ್ತಿ ಇಲಾಖೆಗಿಂತ ಪೋಷಕರಿಗೇ ಹೆಚ್ಚು.

ಅಕ್ಷರ ಬಂದ ಮೇಲೂ ಈ ಓದು ನಿಲ್ಲಬಾರದು. ಓದಿ ಹೇಳುವ ಮನೆಗಳೂ ಎಡವುವುದು ಇಲ್ಲೇ: "ಇನ್ನು ನಿಂಗೇ ಬರುತ್ತಲ್ಲ, ನೀನೇ ಓದ್ಕೋ" ಎಂದು ಪುಸ್ತಕವನ್ನು ಮಗುವಿನ ಕೈಗಿಟ್ಟು ಎದ್ದುಹೋಗುತ್ತಾರೆ. ಏಳು ವರ್ಷದ ಮಗು ತಾನೇ ಓದಬಲ್ಲದ್ದು ನಾಲ್ಕು ಸಾಲಿನ ಪುಟವನ್ನು. ಕೇಳಿ ಅರ್ಥ ಮಾಡಿಕೊಳ್ಳಬಲ್ಲದ್ದು ಹತ್ತು ಅಧ್ಯಾಯದ ಕತೆಯನ್ನು. ಒತ್ತಕ್ಷರದ ಜೊತೆ ಇನ್ನೂ ಗುದ್ದಾಡುತ್ತಿರುವ ಆ ವರ್ಷಗಳಲ್ಲಿ ಆ ಹತ್ತು ಅಧ್ಯಾಯ ಯಾರದಾದರೂ ದನಿಯಲ್ಲಿ ಬರದಿದ್ದರೆ ಓದುವುದು ಬರೀ ಗುದ್ದಾಟ ಎಂದೇ ಅದಕ್ಕೆ ಅನಿಸುತ್ತದೆ. ಕನ್ನಡದ ಮಗುವಿಗೆ ನಾಲ್ಕನೇ ತರಗತಿ ಮುಗಿಯುವ ತನಕ ದೊಡ್ಡವರ ಓದು ಬೇಕು, ಮನೆಯಲ್ಲೂ ಬೇಕು, ಶಾಲೆಯಲ್ಲೂ ಬೇಕು.